ಪ್ರವಾಸದ ಮುದ್ರೆ ಉದ್ಯೋಗದ ಪರವಾನಗಿಯಲ್ಲ

ನಮ್ಮ ಕರಾವಳಿಯ ಕುಟುಂಬಗಳಿಗೆ ಒಂದು ಕಾಲದಲ್ಲಿ ಪರದೇಶವೆಂದರೆ ದುಡಿಮೆಯ ಜಾಗ ಮಾತ್ರ. ಬೊಂಬಾಯಿಯ ನಂತರ ಕುವೈತ್, ಬಹರೇನ್, ದುಬೈ, ಮಸ್ಕತ್‌ಗಳಿಗೆ ಹೋದ ನಮ್ಮ ಹಿರಿಯರು ಆ ಊರುಗಳ ಅಂದಕ್ಕೆ ಮರುಳಾಗಿ ಹೋದವರಲ್ಲ. ಮನೆಯ ಸಾಲ, ತಂಗಿಯ ಮದುವೆ, ತಮ್ಮನ ಓದು ಅವರನ್ನು ವಿಮಾನ ಹತ್ತಿಸಿದವು. ಇಂದು ಇನ್ನೊಂದು ಬಗೆಯ ಹೊರಡುವಿಕೆಯನ್ನೂ ನಾವು ಕಾಣುತ್ತಿದ್ದೇವೆ. ರಜೆಯಲ್ಲಿ ಐದಾರು ದಿನ ನೋಡಿ ಬಂದ ಊರನ್ನು ಮೆಚ್ಚಿ, ಅಲ್ಲಿಯೇ ಒಂದು ಕೆಲಸ ಹಿಡಿದು ನೆಲೆಸಬೇಕೆಂಬ ಆಸೆ ಯುವಜನರಲ್ಲಿ ಹುಟ್ಟಿದೆ. ಇಂತಹ ಆಸೆ ಹುಟ್ಟಿಸುವ ದೇಶಗಳಲ್ಲಿ ಥಾಯ್ಲೆಂಡ್ ಒಂದು.

ಆಸೆ ತಪ್ಪಲ್ಲ. ಬ್ಯಾಂಕಾಕ್, ಪಟ್ಟಾಯ, ಫುಕೆಟ್‌ಗಳಿಗೆ ಹೋಗುವುದು ಈಗ ಸುಲಭ. 2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಸರಕಾರ ಭಾರತೀಯರಿಗೆ 30 ದಿನಗಳ ವೀಸಾ ವಿನಾಯಿತಿ ಕೊಟ್ಟಿತು. 2024ರ ಜುಲೈಯಲ್ಲಿ ಅದನ್ನು 60 ದಿನಗಳಿಗೆ ಏರಿಸಿತು. ಈ ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ಸಮಯದಲ್ಲಿ ಇರುವ ನಿಯಮವನ್ನು ಪ್ರತಿಯೊಬ್ಬರೂ ವಿಚಾರಿಸಿಕೊಳ್ಳಬೇಕು. ಆದರೆ ಬದಲಾಗದ ಮಾತೊಂದಿದೆ. ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿನ ಮೇಲೆ ಬೀಳುವ ಪ್ರವಾಸಿ ಮುದ್ರೆ ನೋಡಿ ಹೋಗಲು ಕೊಟ್ಟ ಅನುಮತಿಯೇ ಹೊರತು ದುಡಿಯಲು ಕೊಟ್ಟ ಪರವಾನಗಿಯಲ್ಲ.

ಅಲ್ಲಿ ಸಂಬಳಕ್ಕೆ ಕೆಲಸ ಮಾಡುವವನಿಗೆ ಸಾಮಾನ್ಯವಾಗಿ ನಾನ್-ಇಮಿಗ್ರೆಂಟ್ 'ಬಿ' ವೀಸಾ ಬೇಕು, ಅದರ ಜೊತೆಗೆ ಕಾರ್ಮಿಕ ಇಲಾಖೆಯ ಕೆಲಸದ ಪರವಾನಗಿಯೂ ಬೇಕು. ಸಾಮಾನ್ಯ ಕಂಪೆನಿಯೊಂದು ಒಬ್ಬ ವಿದೇಶಿಯನ್ನು ಇಟ್ಟುಕೊಳ್ಳಬೇಕಾದರೆ 20 ಲಕ್ಷ ಬಾಟ್ ಬಂಡವಾಳ ಮತ್ತು ನಾಲ್ವರು ಥಾಯ್ ನೌಕರರು ಇರಬೇಕೆಂಬುದು ಅಲ್ಲಿನ ರೂಢಿಯ ಅಳತೆ. ಸಮುದ್ರ ದಂಡೆಯ ಸಣ್ಣ ಹೋಟೆಲಿನ ಮಾಲೀಕ "ಬಾ, ಕೆಲಸ ಕೊಡುತ್ತೇನೆ" ಎಂದರೂ ಕಾಗದಪತ್ರ ಮಾಡಿಕೊಡಲಾರದೆ ಹೋಗುವುದು ಇದೇ ಕಾರಣಕ್ಕೆ. ಪ್ರವಾಸಿ ಮಾರ್ಗದರ್ಶಿಯ ಕೆಲಸ, ಕ್ಷೌರದ ಕೆಲಸ ಮೊದಲಾದವು ಥಾಯ್ ಪ್ರಜೆಗಳಿಗೇ ಮೀಸಲು. ಕಾನೂನುಬದ್ಧವಾಗಿ ನೆಲೆಸಿದ ವಿದೇಶಿಯರೂ 90 ದಿನಗಳಿಗೊಮ್ಮೆ ತಮ್ಮ ವಿಳಾಸವನ್ನು ವಲಸೆ ಇಲಾಖೆಗೆ ತಿಳಿಸಬೇಕು. ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಾಟ್ ದಂಡ. ಅತಿಥಿಯಾಗಿ ಹೋದಾಗ ನಗುನಗುತ್ತಾ ಕೈಮುಗಿದ ಊರು ಕೆಲಸಗಾರನಾಗಿ ಹೋದಾಗ ಮೊದಲು ಕೇಳುವುದು ಕಾಗದಪತ್ರವನ್ನೇ.

ಇಲ್ಲಿ ನಮ್ಮ ಕರಾವಳಿಯವರಿಗೆ ಒಂದು ವಿಶೇಷ ಅಪಾಯವಿದೆ. ವಿಸಿಟ್ ವೀಸಾದಲ್ಲಿ ದುಬೈಗೆ ಹೋಗಿ, ನೆಂಟರ ಕೋಣೆಯಲ್ಲಿದ್ದು, ಕೆಲಸ ಹುಡುಕಿ, ಸಿಕ್ಕಿದ ಮೇಲೆ ವೀಸಾ ಬದಲಾಯಿಸಿಕೊಳ್ಳುವುದು ನಮಗೆ ಹೊಸದಲ್ಲ. ಅಲ್ಲಿಯೂ ಪರವಾನಗಿ ಬರುವ ಮುನ್ನ ಕೆಲಸಕ್ಕೆ ಇಳಿಯುವುದು ಅಪರಾಧವೇ. ಆದರೂ "ಮೊದಲು ಹೋಗು, ಆಮೇಲೆ ಎಲ್ಲಾ ಸರಿಯಾಗುತ್ತದೆ" ಎಂಬ ಮಾತು ನಮ್ಮ ಮನೆಗಳಲ್ಲಿ ಬೇರೂರಿದೆ. ಗಲ್ಫ್‌ನಲ್ಲಿ ನಮ್ಮವರಿದ್ದಾರೆ, ನಮ್ಮ ಭಾಷೆಯ ಬಲಿಪೂಜೆ ಇದೆ, ಕಷ್ಟಕ್ಕೆ ಕೈಹಿಡಿಯುವ ಸಂಘಗಳಿವೆ. ಬೇರೆ ದೇಶಗಳಲ್ಲಿ ಆ ಆಸರೆ ಅಷ್ಟು ಸುಲಭವಾಗಿ ಸಿಗದು. ಥಾಯ್ಲೆಂಡಿನಲ್ಲಿ ಕಥೋಲಿಕರು ಶೇಕಡಾ 1ಕ್ಕಿಂತಲೂ ಕಡಿಮೆ.

ಈ ಮಾತಿನ ಮೇಲೆಯೇ ವಂಚಕರ ಜಾಲ ಬೆಳೆದಿದೆ. 2022ರ ಸೆಪ್ಟೆಂಬರ್‌ನಲ್ಲಿ ಭಾರತದ ವಿದೇಶಾಂಗ ಸಚಿವಾಲಯ ನಮ್ಮ ಯುವಕರಿಗೆ ಎಚ್ಚರಿಕೆ ನೀಡಿತು. ಥಾಯ್ಲೆಂಡಿನಲ್ಲಿ 'ಡಿಜಿಟಲ್ ಸೇಲ್ಸ್ ಆ್ಯಂಡ್ ಮಾರ್ಕೆಟಿಂಗ್' ಕೆಲಸವೆಂದು ಹೇಳಿ ಕಂಪ್ಯೂಟರ್ ಬಲ್ಲವರನ್ನು ಕರೆದೊಯ್ದು, ಗಡಿ ದಾಟಿಸಿ, ಮ್ಯಾನ್ಮಾರ್‌ನಲ್ಲಿ ಒತ್ತೆಯಿಡಲಾಗುತ್ತಿದೆ ಎಂಬುದೇ ಆ ಎಚ್ಚರಿಕೆ. ದಾರಿ ಸರಳ. ಬ್ಯಾಂಕಾಕ್‌ನಲ್ಲಿ ಇಳಿದವನನ್ನು ಕಾರಿನಲ್ಲಿ ಕೂರಿಸಿ ಸುಮಾರು 500 ಕಿಲೋಮೀಟರ್ ದೂರದ ಗಡಿಪಟ್ಟಣ ಮೇ ಸೊಟ್‌ಗೆ ಒಯ್ಯುತ್ತಾರೆ. ಮೋಯಿ ನದಿಯ ಆಚೆಗೆ ಮ್ಯಾನ್ಮಾರ್‌ನ ಮ್ಯಾವಾಡಿ. ಅಲ್ಲಿ ಪಾಸ್‌ಪೋರ್ಟ್ ಕಿತ್ತುಕೊಂಡು, ಬೇಲಿಯೊಳಗೆ ಕೂಡಿಹಾಕಿ, ಫೋನು ಮತ್ತು ಕಂಪ್ಯೂಟರ್ ಮೂಲಕ ಅಪರಿಚಿತರನ್ನು ವಂಚಿಸುವ ಕೆಲಸ ಮಾಡಿಸುತ್ತಾರೆ. ಒಪ್ಪದಿದ್ದರೆ ಹೊಡೆತ, ಹೊರಬರಬೇಕಾದರೆ ಲಕ್ಷಗಟ್ಟಲೆ ಹಣ.

ಇದು ಒಬ್ಬಿಬ್ಬರ ಕಥೆಯಲ್ಲ. ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000 ಮತ್ತು ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಇಂತಹ ಬಲವಂತದ ದುಡಿಮೆಯಲ್ಲಿ ಸಿಲುಕಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರ ಆಗಸ್ಟ್‌ನಲ್ಲಿ ಅಂದಾಜು ಮಾಡಿತ್ತು. 2025ರ ಜನವರಿಯಲ್ಲಿ ಸಿನಿಮಾ ಅವಕಾಶವೆಂದು ನಂಬಿ ಥಾಯ್ಲೆಂಡಿಗೆ ಬಂದ ಚೀನಾದ ನಟ ವಾಂಗ್ ಶಿಂಗ್ ಇದೇ ದಾರಿಯಲ್ಲಿ ಕಾಣೆಯಾದಾಗ ಜಗತ್ತಿನ ಕಣ್ಣು ಅತ್ತ ಹೊರಳಿತು. ಫೆಬ್ರುವರಿಯಲ್ಲಿ ಥಾಯ್ಲೆಂಡ್ ಆ ಗಡಿಪ್ರದೇಶಗಳಿಗೆ ವಿದ್ಯುತ್ತು, ಇಂಧನ, ಇಂಟರ್ನೆಟ್ ಕಡಿದುಹಾಕಿತು. ಮಾರ್ಚ್‌ನಲ್ಲಿ ನಮ್ಮ ವಾಯುಪಡೆಯ ವಿಮಾನಗಳು ಮೇ ಸೊಟ್‌ನಿಂದ ಮೊದಲು 283, ಮರುದಿನ 266 ಭಾರತೀಯರನ್ನು ತಾಯ್ನಾಡಿಗೆ ಕರೆತಂದವು. ಅಷ್ಟಾದರೂ ಜಾಲ ಕಡಿಯಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮ್ಯಾನ್ಮಾರ್ ಸೇನೆ ಕೆ.ಕೆ. ಪಾರ್ಕ್ ಎಂಬ ಕೇಂದ್ರದ ಮೇಲೆ ದಾಳಿ ಮಾಡಿದಾಗ ನದಿ ದಾಟಿ ಓಡಿಬಂದವರಲ್ಲಿ ಮತ್ತೆ ನೂರಾರು ಭಾರತೀಯರಿದ್ದರು. ಹೀಗೆ ತಪ್ಪಿಸಿಕೊಂಡು ಬಂದವರು ಅಕ್ರಮವಾಗಿ ಗಡಿ ದಾಟಿದ ಆರೋಪವನ್ನೂ ಎದುರಿಸಬೇಕಾಯಿತು ಎಂಬುದನ್ನು ಮರೆಯಬಾರದು.

ಪವಿತ್ರ ಗ್ರಂಥದ ಯೋಸೇಫನನ್ನು 20 ಬೆಳ್ಳಿ ನಾಣ್ಯಗಳಿಗೆ ಮಾರಿದವರು ಪರಕೀಯರಲ್ಲ, ಒಡಹುಟ್ಟಿದವರು. ಇಂದಿನ ಜಾಲದಲ್ಲಿಯೂ ಮೊದಲ ಕೊಂಡಿ ಹಲವು ಬಾರಿ ಪರಿಚಿತನೇ ಆಗಿರುತ್ತಾನೆ: ಹಳೆಯ ಸಹಪಾಠಿ, ಗೆಳೆಯನ ಗೆಳೆಯ, ನಗುಮುಖದ ಏಜೆಂಟ್. ಬಾಲ್ಯದಲ್ಲಿಯೇ ಅಪಹರಣಕ್ಕೊಳಗಾಗಿ ಗುಲಾಮಳಾಗಿ ಮಾರಲ್ಪಟ್ಟ ಸುಡಾನಿನ ಸಂತ ಜೋಸೆಫಿನ್ ಬಖಿತಾರ ಹಬ್ಬವಾದ ಫೆಬ್ರುವರಿ 8ನ್ನು, ಪೋಪ್ ಫ್ರಾನ್ಸಿಸ್ 2015ರಿಂದ ಮಾನವ ಸಾಗಾಟದ ವಿರುದ್ಧದ ಪ್ರಾರ್ಥನಾ ದಿನವನ್ನಾಗಿ ಮಾಡಿದರು. 2019ರ ನವೆಂಬರ್‌ನಲ್ಲಿ ಥಾಯ್ಲೆಂಡಿಗೇ ಭೇಟಿ ಕೊಟ್ಟಾಗಲೂ ಅವರು ಶೋಷಣೆಗೊಳಗಾದ ಮಹಿಳೆಯರು ಮತ್ತು ಮಕ್ಕಳ ಪರವಾಗಿ ಮಾತನಾಡಿದ್ದರು. ಧರ್ಮಸಭೆಯ ಈ ಕಾಳಜಿ ನಮ್ಮ ಧರ್ಮಕೇಂದ್ರಗಳ ತನಕ ಇಳಿದಿದೆಯೇ?

ಪರದೇಶಕ್ಕೆ ಹೊರಟವರಿಗೆ ನಾವು ಪ್ರಾರ್ಥನೆ ಮಾಡಿ, ಆಶೀರ್ವಾದ ಕೊಟ್ಟು ಕಳುಹಿಸುತ್ತೇವೆ. ಅದಕ್ಕೂ ಮುನ್ನ ನಾಲ್ಕು ಪ್ರಶ್ನೆ ಕೇಳುವ ರೂಢಿ ನಮ್ಮ ವಾಳೆಗಳಲ್ಲಿ ಬೆಳೆಯಬೇಕು. ವೀಸಾ ಕೆಲಸದ್ದೋ, ಪ್ರವಾಸದ್ದೋ? ಕಂಪೆನಿಯ ಹೆಸರು, ಕೆಲಸದ ಸ್ಥಳ ಬರವಣಿಗೆಯಲ್ಲಿ ಇದೆಯೇ? ಏಜೆಂಟರ ನೋಂದಣಿ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಕಾಣುತ್ತದೆಯೇ? 1983ರ ವಲಸೆ ಕಾಯ್ದೆಯ ನಿಯಮಗಳು ಏಜೆಂಟರ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ತೆರಿಗೆಯ ಮಿತಿ ಹಾಕಿದವು. ಕೇಳಿದ ಹಣ ಅದಕ್ಕಿಂತ ಹೆಚ್ಚೇ? ಒಂದಕ್ಕೆ ಉತ್ತರ ಸರಿಯಿಲ್ಲವಾದರೂ ಟಿಕೆಟು ತೆಗೆಯಬಾರದು. ಗುರ್ಕಾರರು, ಯುವಸಂಘಟನೆಯ ನಾಯಕರು ಹಾಗೂ ಗಲ್ಫ್‌ನಿಂದ ಮರಳಿ ಬಂದ ಹಿರಿಯರು ಒಟ್ಟಾಗಿ ಭಾನುವಾರದ ಬಲಿಪೂಜೆಯ ನಂತರ ಅರ್ಧ ಗಂಟೆ ಕುಳಿತರೆ ಈ ಕೆಲಸ ಆಗುತ್ತದೆ. ಅದಕ್ಕೆ ಹಣ ಬೇಡ, ಸಮಿತಿಯೂ ಬೇಡ.

ಇನ್ನೊಂದು ಮಾತು ಹೆತ್ತವರಿಗೆ. ಮೋಸಹೋಗಿ ಬಂದ ಮಗ ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿ ಕುಳಿತರೆ, ಅದೇ ಏಜೆಂಟ್ ಪಕ್ಕದ ಮನೆಯ ಮಗನನ್ನು ಕರೆದೊಯ್ಯುತ್ತಾನೆ. ಅವನು ತಪ್ಪಿತಸ್ಥನಲ್ಲ, ಗಾಯಗೊಂಡವನು. ಅವನಿಂದ ಪೊಲೀಸರಿಗೆ ದೂರು ಕೊಡಿಸಿ, ಅವನ ಜೊತೆಗೆ ನಿಲ್ಲುವುದು ನಮ್ಮ ಕರ್ತವ್ಯ. ಸರಿಯಾದ ಪತ್ರಗಳೊಂದಿಗೆ ಹೊರಡುವವರನ್ನು ಸಂತೋಷದಿಂದಲೇ ಬೀಳ್ಕೊಡೋಣ. ಪ್ರವಾಸದ ಮುದ್ರೆಯನ್ನೇ ನಂಬಿ ದುಡಿಯಲು ಹೊರಟವರನ್ನು ಮಾತ್ರ, ಅವರು ಸಿಟ್ಟಾದರೂ ಸರಿ, ಬಾಗಿಲಲ್ಲಿಯೇ ತಡೆದು ನಿಲ್ಲಿಸೋಣ.