ಬಾಲಕನ ಧೈರ್ಯ, ಆಡಳಿತದ ಹೊಣೆ

2019ರ ಆಗಸ್ಟ್‌ನಲ್ಲಿ ಕೃಷ್ಣಾ ನದಿ ಉಕ್ಕಿ ಹರಿದಾಗ, ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಮುಳುಗಿದ ಸೇತುವೆಯ ಮೇಲೆ ಮುಂದೆ ಓಡಿ ಆಂಬುಲೆನ್ಸ್‌ಗೆ ದಾರಿ ತೋರಿದ ಶಾಲಾ ಬಾಲಕನಿಗೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಸಂದಿದೆ. ರಸ್ತೆಯ ಅಂಚು ಕಾಣದ ಚಾಲಕನಿಗೆ ಆ ಹುಡುಗನ ಹೆಜ್ಜೆಯೇ ಗುರುತಾಯಿತು. ಅವನು ಈ ಗೌರವಕ್ಕೆ ಅರ್ಹ.

ಆದರೆ ಪ್ರಶಂಸೆಯ ಭರದಲ್ಲಿ ಒಂದು ಅಪಾಯವೂ ಇದೆ: ಪ್ರವಾಹಕ್ಕೆ ಇಳಿಯುವುದೇ ಸಾಹಸವೆಂದು ಇತರ ಮಕ್ಕಳು ಭಾವಿಸಬಹುದು. ಮೊಣಕಾಲುದ್ದದ ರಭಸದ ನೀರು ದೊಡ್ಡವರನ್ನೂ ಕೆಡವಬಲ್ಲದು. ಜಲಾಶಯದಿಂದ ನೀರು ಬಿಡುವ ಮುನ್ನವೇ ತಗ್ಗಿನ ಸೇತುವೆಗಳಲ್ಲಿ ಸಂಚಾರ ನಿಲ್ಲಿಸಿ, ಎರಡೂ ತುದಿಯಲ್ಲಿ ಕಾವಲು ಹಾಕಿ, ಅಂಚಿನುದ್ದಕ್ಕೂ ಆಳ ಸೂಚಿಸುವ ಕಂಬ ನೆಡುವುದು ಜಿಲ್ಲಾಡಳಿತದ ಕೆಲಸ. ಮುಂದಿನ ಮಳೆಗಾಲದೊಳಗೆ ಅದು ಆಗಬೇಕು.