ಸ್ಕೋಪ್ ಮುಂದಿದ್ದರೇನು, ಹಿಂದಿದ್ದರೇನು? ಹಂದಿ ಬರೋದು ಕತ್ತಲಲ್ಲಿ!

ರಾಗಿ ತೆನೆ ಬಲಿಯುವ ಹೊತ್ತಿಗೆ ಚನ್ನಪಟ್ಟಣದ ಹಳ್ಳಿಗಳಲ್ಲಿ ಕಾಡುಹಂದಿಯದ್ದೇ ಮಾತು. ಫೋನಿನಲ್ಲಿ ವಿದೇಶಿ ಬೇಟೆ ವಿಡಿಯೊ ನೋಡಿದ ಹುಡುಗರು ಈಗ ಟೀ ಅಂಗಡಿಯಲ್ಲಿ ನಮ್ಮನ್ನು ಕೇಳುತ್ತಾರೆ: "ಅಣ್ಣಾ, ಬಂದೂಕಿನ ಸ್ಕೋಪನ್ನ ನಳಿಗೆ ಮೇಲೆ ಮುಂದಕ್ಕೆ ಕೂರಿಸಿದ್ರೆ ಗುರಿ ಬೇಗ ಸಿಗುತ್ತಂತೆ, ನಿಜವಾ?"

ನಿಜವೇ. 1980ರ ದಶಕದಲ್ಲಿ ಅಮೆರಿಕದ ಜೆಫ್ ಕೂಪರ್ 'ಸ್ಕೌಟ್ ರೈಫಲ್' ಹೆಸರಿನಲ್ಲಿ ಹೇಳಿದ್ದು ಇದನ್ನೇ. ಮಾಮೂಲಿ ಸ್ಕೋಪ್ ಕಣ್ಣಿನಿಂದ 3-4 ಇಂಚು ದೂರ ಇದ್ದರೆ, ಇದು 9-10 ಇಂಚು. ಎರಡೂ ಕಣ್ಣು ಬಿಟ್ಟುಕೊಂಡೇ ಗುರಿ ಹಿಡಿಯಬಹುದು. ಬಂದೂಕು ಒದ್ದರೆ ಹುಬ್ಬಿಗೆ ಪೆಟ್ಟಾಗಲ್ಲ. ಮೇಲಿನಿಂದ ಗುಂಡು ತುಂಬಲು ಅಡ್ಡಿಯಿಲ್ಲ.

ಆದರೆ ಅದರೊಳಗೆ ಕಾಣುವ ಜಾಗ ಕಿರಿದು. ದೂರದ್ದನ್ನು ಹತ್ತಿರ ತೋರಿಸುವ ಶಕ್ತಿಯೂ ಕಮ್ಮಿ. ಸೂರ್ಯ ಬೆನ್ನ ಹಿಂದಿದ್ದರೆ ಹಿಂದಿನ ಗಾಜಿಗೆ ಬಿಸಿಲು ಬಡಿದು ಕಣ್ಣು ಕುಕ್ಕುತ್ತದೆ. ಮಬ್ಬಾದರೆ ಇನ್ನೂ ಕಷ್ಟ. ನಮ್ಮ ಹಂದಿ ಬರೋದೋ ರಾತ್ರಿ!

ಇನ್ನು ಬಂದೂಕು ಯಾವುದು? 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೆಳೆ ರಕ್ಷಣೆಗೆಂದು ಹೆಸರಿಸಿರುವುದು ಬಾಯಿಯಿಂದ ಮದ್ದು ತುಂಬುವ ಬಂದೂಕು. ಅದಕ್ಕೆ ಸ್ಕೋಪ್ ಹಾಕುವುದು ಎತ್ತಿನಗಾಡಿಗೆ ಮೀಟರ್ ಹಾಕಿದಂತೆ.

ನಮ್ಮ ದೊಡ್ಡ ಭಯ ಬೇರೆ. ಸ್ಕೋಪಿನಲ್ಲಿ ನೋಡಬೇಕೆಂದರೆ ಬಂದೂಕನ್ನೇ ಆ ಕಡೆ ತಿರುಗಿಸಬೇಕು. ಪೊದೆ ಅಲ್ಲಾಡಿದ ಕಡೆ ಇರುವುದು ಹಂದಿಯೋ, ರಾತ್ರಿ ಕರೆಂಟು ಬಂತೆಂದು ಮೋಟಾರ್ ಹಾಕಲು ಬಂದ ಪಕ್ಕದ ಹೊಲದ ಅಣ್ಣನೋ?

ಕಾನೂನೂ ಗೊತ್ತಿರಲಿ. 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಕಾಡುಹಂದಿ ಈಗ ಅದರ 2ನೇ ಪರಿಚ್ಛೇದದಲ್ಲಿದೆ. ಬಂದೂಕಿಗೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಹೊಡೆಯಲು ಅನುಮತಿ ಸಿಕ್ಕಂತಲ್ಲ. ಅನುಮತಿ ಇಲ್ಲದೆ ಹೊಡೆದರೆ ಜೈಲು ಕಾದಿದೆ.

ಹಾಗಾದರೆ ರೈತ ಕೈಕಟ್ಟಿ ಕೂರಬೇಕಾ? ಬೇಡ. ಕೇರಳದಲ್ಲಿ 2022ರಿಂದ ಪಂಚಾಯ್ತಿ ಅಧ್ಯಕ್ಷರೇ, ಬೆಳೆ ಹಾಳುಮಾಡುವ ಹಂದಿಯನ್ನು ಲೈಸೆನ್ಸ್ ಇರುವ ಆಯ್ದ ಗುರಿಕಾರರಿಂದ ಹೊಡೆಸಲು ಆದೇಶ ಕೊಡಬಹುದು. ವಿಷ, ಸಿಡಿಮದ್ದು, ಕರೆಂಟು ತಂತಿ ಅಲ್ಲೂ ನಿಷಿದ್ಧ. ಅಂಥ ವ್ಯವಸ್ಥೆ ನಮಗೇಕಿಲ್ಲ? ಬೆಳೆ ಪರಿಹಾರಕ್ಕೆ ರೈತ ಅಲೆಯಬೇಕೇಕೆ? ಈ ಪ್ರಶ್ನೆಯನ್ನು ಮುಂದಿನ ಗ್ರಾಮಸಭೆಯಲ್ಲಿ ಎತ್ತಿ, ಠರಾವು ಬರೆಸಿ, ಎಂಎಲ್‌ಎ ಕೈಗೆ ಕೊಡೋಣ.

ಹುಡುಗರೇ, ಸ್ಕೋಪಿನ ದುಡ್ಡನ್ನು ಬೇಲಿಗೆ ಹಾಕಿ. ಗುರಿ ಇಡಬೇಕಾದದ್ದು ಪೊದೆಯ ಕಡೆಗಲ್ಲ, ವಿಧಾನಸೌಧದ ಕಡೆಗೆ. ಅದೂ ಅರ್ಜಿ ಹಿಡಿದು.