ಹತ್ತು ಮಕ್ಕಳಿದ್ದರೆ ಒಬ್ಬ ಮಾಸ್ತರ

ಯುರೋಪಿನಲ್ಲಿ ಲಕ್ಸೆಂಬರ್ಗ್ ಅಂತ ಒಂದು ದೇಶ ಇದೆ. ವಿಸ್ತಾರ 2,586 ಚದರ ಕಿ.ಮೀ., ಅಂದರೆ ಬೀದರ್ ಜಿಲ್ಲೆಯ ಅರ್ಧಕ್ಕಿಂತ ಕಡಿಮೆ. ಸುತ್ತ ಜರ್ಮನಿ, ಫ್ರಾನ್ಸ್, ಬೆಲ್ಜಿಯಂ. ಯಾವ ದಿಕ್ಕಿಗೆ ಹೊರಟರೂ ಗಡಿ ದಾಟಬೇಕು. ವಲಾಂಡಿ ಕಡೆಯವರಾದ ನಮಗೆ ಇದು ಹೊಸದಲ್ಲ. ಉದಗೀರದ ಮೋಂಢಾದಲ್ಲಿ ಮರಾಠಿ, ಭಾಲ್ಕಿ–ಔರಾದದ ಬೀಗರ ಮನೆಯಲ್ಲಿ ಕನ್ನಡ. ಈ ಕಡೆಯ ಹೊಲಕ್ಕೆ ಸಾತ್‌ಬಾರಾ, ಆ ಕಡೆಯ ಹೊಲಕ್ಕೆ ಪಹಣಿ. ಎರಡು ಭಾಷೆಯಲ್ಲಿ ವ್ಯವಹಾರ ಮಾಡುವುದು ನಮಗೆ ಗೊತ್ತು. ಅದನ್ನು ಮಕ್ಕಳಿಗೆ ಕ್ರಮವಾಗಿ ಕಲಿಸುವುದನ್ನು ಮಾತ್ರ ಆ ಪುಟ್ಟ ದೇಶದಿಂದ ಕಲಿಯಬೇಕು.

ಅಲ್ಲಿ ನಾಲ್ಕು ವರ್ಷದ ಮಗು ಶಾಲೆಗೆ ಬರಲೇಬೇಕು. ಮೊದಲೆರಡು ವರ್ಷ ಆಟ, ಹಾಡು, ಮಾತು. ಅದೂ ಮುಖ್ಯವಾಗಿ ನಾಡಮಾತಾದ ಲಕ್ಸೆಂಬರ್ಗಿಷ್‌ನಲ್ಲಿ. ಆರನೇ ವಯಸ್ಸಿಗೆ ಓದು–ಬರಹ ಜರ್ಮನ್‌ನಲ್ಲಿ ಶುರು, ಯಾಕಂದರೆ ಅದು ಆ ನಾಡಮಾತಿಗೆ ಹತ್ತಿರ. ಫ್ರೆಂಚ್ ಮೊದಲು ಬಾಯಿಮಾತಿನಲ್ಲಿ, ಆಮೇಲೆ ಬರಹದಲ್ಲಿ. ಪ್ರಾಥಮಿಕದಲ್ಲಿ ಜರ್ಮನ್‌ನಲ್ಲಿ ಕಲಿತ ಗಣಿತವನ್ನು ಹೈಸ್ಕೂಲಿನಲ್ಲಿ ಫ್ರೆಂಚ್‌ನಲ್ಲಿ ಮುಂದುವರಿಸುತ್ತಾರೆ. ಮೂರು ಭಾಷೆಗೂ 1984ರ ಕಾಯ್ದೆ ಸ್ಥಾನ ಕೊಟ್ಟಿದೆ.

ಅಲ್ಲಿಯೂ ಎಲ್ಲ ಸರಿ ಇದೆ ಅಂತಲ್ಲ. ಜನಸಂಖ್ಯೆಯಲ್ಲಿ ಸುಮಾರು ಅರ್ಧ ಹೊರದೇಶದವರು. ಪೋರ್ಚುಗೀಸ್ ಮನೆಮಾತಿನ ಅನೇಕ ಮಕ್ಕಳು ಜರ್ಮನ್‌ನಲ್ಲಿ ಮುಗ್ಗರಿಸಿದರು. ಆಗ ಸರಕಾರ ಮಕ್ಕಳನ್ನು ದಡ್ಡರೆಂದು ಕೈಬಿಡಲಿಲ್ಲ. 2022ರಲ್ಲಿ ನಾಲ್ಕು ಶಾಲೆಗಳಲ್ಲಿ ಫ್ರೆಂಚ್‌ನಲ್ಲೇ ಓದು–ಬರಹ ಶುರು ಮಾಡುವ ಪ್ರಯೋಗಕ್ಕೆ ಕೈಹಾಕಿತು. ಮಗುವಿಗೆ ತಕ್ಕಂತೆ ಶಾಲೆ ಬಾಗಿತು.

ನಮ್ಮಲ್ಲಿ ಬಾಗಿದ್ದು ಯಾವಾಗಲೂ ಮಗು. ಉದಗೀರ, ನಿಲಂಗಾ ಎರಡೂ 1956ರ ನವೆಂಬರ್ 1ರ ಪುನರ್ವಿಂಗಡಣೆಯವರೆಗೆ ಬೀದರ್ ಜಿಲ್ಲೆಯ ತಾಲೂಕುಗಳು. ನಿಜಾಮರ ಕಾಲದಲ್ಲಿ ನಮ್ಮ ಹಿರಿಯರು ಉರ್ದು ಕಲಿತರು, ಆಮೇಲೆ ನಾವು ಮರಾಠಿ ಕಲಿತೆವು. ಮರಾಠಿಯ ಋಣ ನನ್ನ ಮೇಲಿದೆ, ಅದು ಅನ್ನ ಕೊಟ್ಟಿದೆ. ಆದರೆ ಮನೆಯ ಕನ್ನಡ ಎರಡೂ ಕಾಲದಲ್ಲಿ ಶಾಲೆಯ ಹೊಸ್ತಿಲ ಹೊರಗೇ ನಿಂತಿತು. ಇಂದು ನಮ್ಮಲ್ಲಿ ಅನೇಕರು ಕನ್ನಡ ಆಡ್ತಾರೆ, ಬೀದರ್ ಬಸ್ಸಿನ ಬೋರ್ಡು ಓದಲಾರರು. ಪಹಣಿಯಲ್ಲಿ ಏನು ಬರೆದದ ಅಂತ ಇನ್ನೊಬ್ಬರ ಬಾಯಿಂದ ಕೇಳಿ ಸಹಿ ಹಾಕುವುದು ಎಂಥ ವ್ಯವಹಾರ? ಈ ಪುಟ ಓದುವ ನಿಮಗೆ ಆ ತೊಂದರೆ ಇಲ್ಲ. ನಿಮ್ಮ ಮೊಮ್ಮಕ್ಕಳಿಗೆ?

ಕಾನೂನು ನಮ್ಮ ವಿರುದ್ಧ ಇಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸಲು ಪ್ರತಿ ರಾಜ್ಯ ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು ಸೇರಿದ್ದೂ 1956ರಲ್ಲೇ. ಅದಕ್ಕೂ ಮೊದಲು, 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಲೆಕ್ಕ ಹಾಕಿಕೊಟ್ಟಿತ್ತು: ಒಂದು ತರಗತಿಯಲ್ಲಿ 10, ಇಲ್ಲವೇ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಆ ಭಾಷೆಯಲ್ಲಿ ಕಲಿಸಲು ಒಬ್ಬರಾದರೂ ಶಿಕ್ಷಕರು ಬೇಕು.

ಆ ಹತ್ತು ಮಕ್ಕಳು ಎಣಿಕೆಗೆ ಸಿಗುವುದೆಲ್ಲಿ? ಶಾಲೆಗೆ ಹೆಸರು ಹಚ್ಚುವಾಗ ಬರೆಸುವ ‘ಮಾತೃಭಾಷೆ’ ಕಾಲಂನಲ್ಲಿ. ಅಲ್ಲಿ ನಾವೇ, ‘ಮರಾಠಿ ಅಂತ ಬರಕೊಳ್ರಿ ಗುರುಜಿ, ಏನಾಗ್ತದ’ ಅಂದು ಬರ್ತೇವೆ. ಕಾಗದದ ಮೇಲೆ ಇಲ್ಲದ ಮಕ್ಕಳಿಗೆ ಮಾಸ್ತರನ್ನು ಯಾರು ಕೊಡ್ತಾರೆ?

‘ಕನ್ನಡ ಕಲಿತರೆ ಲಾತೂರಿನಲ್ಲಿ ಯಾವ ನೌಕರಿ ಸಿಗ್ತದ?’ ಅಂತ ಕೇಳುವವರಿದ್ದಾರೆ. ಮರಾಠಿ ಬಿಡಿ ಅಂತ ನಾನು ಹೇಳುತ್ತಿಲ್ಲ. ಮರಾಠಿ ಇರಲಿ, ಇಂಗ್ಲಿಷೂ ಬರಲಿ, ಜೊತೆಗೆ ದಿನಕ್ಕೊಂದು ತಾಸು ಕನ್ನಡ ಇರಲಿ. ಜರ್ಮನ್–ಲಕ್ಸೆಂಬರ್ಗಿಷ್‌ನಷ್ಟು ಮರಾಠಿ–ಕನ್ನಡ ಹತ್ತಿರದವಲ್ಲ, ಲಿಪಿಯೂ ಬೇರೆ. ತಾನಾಗಿ ಬರುವುದಿಲ್ಲ, ಕಲಿಸಲೇಬೇಕು.

ಬರುವ ಜೂನ್‌ನಲ್ಲಿ ಆ ಕಾಲಂನಲ್ಲಿ ಮನೆಯ ಮಾತನ್ನೇ ಬರೆಸೋಣ. ಹತ್ತು ಹೆಸರು ಕೂಡಿದರೆ ಮುಖ್ಯಾಧ್ಯಾಪಕರಿಗೆ ಒಂದು ಅರ್ಜಿ, ಜಿಲ್ಲಾ ಪರಿಷತ್ತಿಗೆ ಒಂದು. ಪುಸ್ತಕದ ನೆರವಿಗೆ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವನ್ನೂ ಕೇಳೋಣ. ಬಿತ್ತದೆ ಬೆಳೆ ಕೇಳುವ ರೈತ ನಮ್ಮೂರಲ್ಲಿ ಯಾರೂ ಇಲ್ಲ.